ಸದರಿ ಮಗಳ ಎತ್ತರ

ಫೆಬ್ರವರಿ 10, ಸೋಮವಾರ

ಪೈಪ್ ಕಂಪನಿಯವರು ವರ್ಷಾವರ್ಷ ಕೊಡುವ ಡೈರಿ ಅಂಗಡಿಯ ಗಲ್ಲಾದ ಕೆಳಗೆ ಹಾಗೇ ಬಿದ್ದಿರುತ್ತದೆ. ಈ ವರ್ಷ ಬರೆಯುವಂಥ ವಿಷಯ ಬಂದಿದೆ. ಗಿರಾಕಿಗಳ ಮುಂದೆ ಹೇಳಿಕೊಳ್ಳುವಂಥದ್ದಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ವಚನಾಳನ್ನು ಇವತ್ತು ಮತ್ತೆ ಡಾಕ್ಟರ್ ಅನಘಾ ಹತ್ತಿರ ಕರೆದುಕೊಂಡು ಹೋಗಿದ್ದೆವು. ಮಗಳಿಗೆ ಏಳೂವರೆ ವರ್ಷ. ಅವಳ ಎಡಗೈ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಡಾಕ್ಟರು, "ಮಗೂಗೆ ಏಳೂವರೆ, ಮೂಳೆಗೆ ಹತ್ತೂವರೆ" ಎಂದರು. ಹತ್ತು ಹನ್ನೊಂದು ವರ್ಷಕ್ಕೆ ಶುರುವಾಗಬೇಕಾದ ಬದಲಾವಣೆ ಇವಳಿಗೆ ಈಗಲೇ ಶುರುವಾಗಿದೆಯಂತೆ. ತಲೆಯ ಸ್ಕ್ಯಾನಿಂಗಿನಲ್ಲಿ ಏನೂ ತೊಂದರೆ ಕಾಣಲಿಲ್ಲ, ಅದೊಂದು ಸಮಾಧಾನ. ಹೀಗೇ ಬಿಟ್ಟರೆ ಮೂರನೇ ಕ್ಲಾಸಿಗೆಲ್ಲ ದೊಡ್ಡವಳಾಗಿಬಿಡುತ್ತಾಳೆ, ಮೂಳೆ ಬೇಗ ಬಲಿತು ಆಮೇಲೆ ಎತ್ತರವೂ ನಿಂತುಹೋಗುತ್ತದೆ.

"ಮೂರು ತಿಂಗಳಿಗೊಂದು ಇಂಜೆಕ್ಷನ್ ಕೊಟ್ಟು ಇದನ್ನ ಕೆಲವು ವರ್ಷ ತಡೆದಿಡಬಹುದು. ಪ್ಯೂಬರ್ಟಿ ಬ್ಲಾಕರ್ ಅಂತಾರೆ. ಮೈ ಬೆಳೆಯೋ ಓಟ ನಿಧಾನ ಆಗುತ್ತೆ, ಮೂಳೆ ಬೇಗ ಬಲಿಯಲ್ಲ. ನಿಲ್ಲಿಸಿದ ಮೇಲೆ ತಾನಾಗೇ ಮುಂದುವರಿಯುತ್ತೆ" ಎಂದರು.

ಸ್ಮೃತಿ ಬ್ಯಾಗಿನಿಂದ ಪೆನ್ನು ತೆಗೆದೇಬಿಟ್ಟಳು. ನನ್ನ ಹೆಂಡತಿ ಬ್ಯಾಂಕಿನಲ್ಲಿರುವವಳು, ಸಹಿ ಎಂದರೆ ಅವಳಿಗೆ ನೀರು ಕುಡಿದ ಹಾಗೆ. ನಾನು ಕೇಳಿದೆ, "ಮೇಡಂ, ಇದು ಸೇಫ್ ಅಂತ ಯಾರು ಹೇಳಿದ್ದು?"

ಪಾಪ, ಡಾಕ್ಟರು ತಾಳ್ಮೆಯಿಂದಲೇ ಹೇಳಿದರು. ಇಂಥ ಮಕ್ಕಳಿಗೆ ಎಷ್ಟೋ ವರ್ಷಗಳಿಂದ ಕೊಡುತ್ತಿದ್ದಾರೆ, ಚುಚ್ಚಿದ ಕಡೆ ನೋವು, ತಲೆನೋವು ಬರಬಹುದು, ಮೂಳೆಯ ಮೇಲೆ ಒಂದು ಕಣ್ಣಿಟ್ಟಿರುತ್ತೇವೆ ಎಂದೆಲ್ಲ.

"ಅದು ಸರಿ ಮೇಡಂ. ಸರ್ಕಾರ ಹೇಳಿದ್ಯಾ?"

ಇದರಲ್ಲಿ ತಪ್ಪೇನಿದೆ? ಬಸವೇಶ್ವರನಗರದಲ್ಲಿ ಪೈಪು, ನಲ್ಲಿ, ವಾಲ್ವು ಮಾರಿಕೊಂಡು ಬಂದವನು ನಾನು. ಐಎಸ್ಐ ಗುರುತಿಲ್ಲದ ಒಂದು ವಾಷರನ್ನೂ ಅಂಗಡಿಯೊಳಗೆ ಬಿಟ್ಟುಕೊಂಡಿಲ್ಲ. ಬಚ್ಚಲ ನಲ್ಲಿಗೇ ಸರ್ಕಾರದ ಗುರುತು ಕೇಳುವವನು ಮಗಳ ಮೈಗೆ ಹೋಗುವುದಕ್ಕೆ ಕೇಳಬಾರದೇ? ಡಾಕ್ಟರು, "ಇಬ್ಬರೂ ಒಪ್ಪಿಕೊಂಡು ಬನ್ನಿ. ಆದ್ರೆ ತುಂಬ ತಡ ಮಾಡ್ಬೇಡಿ" ಎಂದರು.

ವಾಪಸು ಬರುವಾಗಲೂ ಸ್ಮೃತಿ ಪೆನ್ನನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ವಚನಾ ಸ್ಕೂಟರಿನ ಮುಂದೆ ನಿಲ್ಲುತ್ತಿದ್ದವಳು, ಈಗ ನಿಂತರೆ ನನಗೆ ರಸ್ತೆ ಕಾಣುವುದಿಲ್ಲ. ನಮ್ಮಿಬ್ಬರ ನಡುವೆ ಇಕ್ಕಟ್ಟಿನಲ್ಲಿ ಕೂತು ಬಂದಳು.

ಫೆಬ್ರವರಿ 13, ಗುರುವಾರ

ಆರೋಗ್ಯ ಇಲಾಖೆಯನ್ನು ಮಾಹಿತಿ ಹಕ್ಕಿನಲ್ಲಿ ಕೇಳುತ್ತೇನೆ. ಮೂವತ್ತು ದಿನದೊಳಗೆ ಉತ್ತರ ಕೊಡಲೇಬೇಕು, ಅದು ಕಾನೂನು. ದುಂಡು ಮೊಹರು ಹಾಕಿ "ಈ ಇಂಜೆಕ್ಷನ್ ಸುರಕ್ಷಿತ" ಎಂದು ಒಂದು ಸಾಲು ಬರೆದುಕೊಟ್ಟರೆ ಅವತ್ತೇ ಸಹಿ ಹಾಕುತ್ತೇನೆ. ನಾನೇನು ಹಟಮಾರಿಯಲ್ಲ.

ಅರ್ಜಿ ನೂರೈವತ್ತು ಪದ ಮೀರಬಾರದು, ಒಂದೇ ವಿಷಯ ಇರಬೇಕು ಎಂದು ನಿಯಮ. ನಾನು ಬರೆದದ್ದು ಮೂರು ಪುಟವಾಯಿತು. ಕತ್ತರಿಸಿ ಕತ್ತರಿಸಿ ಸಾಕಾಯಿತು. ಸ್ಮೃತಿ ಪಕ್ಕದಲ್ಲಿ ಬಟ್ಟೆ ಮಡಿಸುತ್ತಾ, "ಮದುವೆಗೆ ಮುಂಚೆ ನನ್ನ ಬಗ್ಗೆ ಇಷ್ಟು ವಿಚಾರಿಸಿದ್ರೇನ್ರೀ?" ಎಂದಳು. ಆಗ ಮಾಹಿತಿ ಹಕ್ಕು ಇರಲಿಲ್ಲವೇ ಎಂದು ಯೋಚಿಸಿದೆ. ಇತ್ತು. ಅರ್ಜಿಯಲ್ಲಿ ಇನ್ನೊಂದು ಸಾಲು ಕತ್ತರಿಸಿದೆ.

ರಾಜಾಜಿನಗರದ ಅಂಚೆ ಕಚೇರಿಗೆ ಹೋಗಿ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ತೆಗೆದು, ಅರ್ಜಿಯನ್ನು ರಿಜಿಸ್ಟರ್ ಮಾಡಿ ಕಳಿಸಿದೆ. ಒಂದು ಭಾರ ಇಳಿದ ಹಾಗಾಯಿತು. ಬಂದು ವಚನಾಳ ಎತ್ತರ ನೋಡಿದೆ. ರೂಮಿನ ಬಾಗಿಲ ಪಕ್ಕ ಒಂದು ಪಿವಿಸಿ ಪೈಪನ್ನು ಗೋಡೆಗೆ ಕ್ಲ್ಯಾಂಪ್ ಹಾಕಿ ನಿಲ್ಲಿಸಿದ್ದೇನೆ, ಅವಳು ಮೊದಲ ಸಲ ಎದ್ದು ನಿಂತ ದಿನದಿಂದ ಅದರ ಮೇಲೆ ಗೀಟು ಎಳೆಯುತ್ತಾ ಬಂದಿದ್ದೇನೆ. ದೀಪಾವಳಿಯಿಂದ ಈಚೆಗೆ ಎರಡು ಗೀಟಿನ ನಡುವೆ ನನ್ನ ಹೆಬ್ಬೆರಳು ಆರಾಮಾಗಿ ಮಲಗುತ್ತದೆ.

ಫೆಬ್ರವರಿ 27, ಗುರುವಾರ

ಉತ್ತರ ಬಂತು! ಮೂವತ್ತು ದಿನ ಎಂದು ಕಾನೂನು, ಎರಡೇ ವಾರಕ್ಕೆ ಬಂತು. ಸರ್ಕಾರಿ ಕೆಲಸ ಆಗುವುದಿಲ್ಲ ಎನ್ನುವವರಿಗೆ ತೋರಿಸಬೇಕು.

ಉತ್ತರ ಹೀಗಿದೆ: "ತಮ್ಮ ವಿಷಯವು ಇಂಜೆಕ್ಷನ್ನಿಗೆ ಸಂಬಂಧಿಸಿದ್ದು, ಇಂಜೆಕ್ಷನ್ನು ತಂಪಿನಲ್ಲಿಡುವ ವಸ್ತುವಾದ್ದರಿಂದ, ಸದರಿ ಅರ್ಜಿಯನ್ನು ಉಗ್ರಾಣ ಶಾಖೆಗೆ ವರ್ಗಾಯಿಸಲಾಗಿದೆ." ಅದರ ಹಿಂದೆ ಉಗ್ರಾಣ ಶಾಖೆಯ ಕಾಗದವೂ ಪಿನ್ನು ಹಾಕಿತ್ತು: "ಉಗ್ರಾಣದ ಫ್ರಿಜ್ಜು ಸುಸ್ಥಿತಿಯಲ್ಲಿರುತ್ತದೆ."

ಸ್ಮೃತಿ ಓದಿ, "ಒಳ್ಳೇದಾಯ್ತು ಬಿಡಿ, ನಮ್ಮನೆ ಫ್ರಿಜ್ಜು ಸರಿ ಇಲ್ಲ, ಅಲ್ಲೇ ಹೋಗಿ ಇದ್ದುಬಿಡೋಣ" ಎಂದಳು. ಮೊಹರು ಮಾತ್ರ ಚೆನ್ನಾಗಿ ಬಿದ್ದಿದೆ, ಒಂದು ಕಡೆಯೂ ಮಸಿ ಹರಡಿಲ್ಲ. ಕೇಳಿದ್ದು ಫ್ರಿಜ್ಜಿನ ಬಗ್ಗೆ ಅಲ್ಲ ಎಂದು ವಿನಯವಾಗಿ ಇನ್ನೊಂದು ಅರ್ಜಿ ಬರೆದೆ.

ಮಾರ್ಚ್ 12, ಬುಧವಾರ

ಎರಡನೇ ಉತ್ತರ. "ಸದರಿ ಮಾಹಿತಿಯು ಮೂರನೆಯ ವ್ಯಕ್ತಿಯಾದ ಕುಮಾರಿ ವಚನಾ ಅವರಿಗೆ ಸಂಬಂಧಿಸಿದ್ದು, ಅವರ ಲಿಖಿತ ಒಪ್ಪಿಗೆ ಅಗತ್ಯ. ಅವರು ಅಪ್ರಾಪ್ತರಾದ್ದರಿಂದ ಅವರ ಒಪ್ಪಿಗೆ ಊರ್ಜಿತವಲ್ಲ. ಅವರಿಗೆ ಹದಿನೆಂಟು ವರ್ಷ ತುಂಬಿದ ನಂತರ ಅರ್ಜಿ ಸಲ್ಲಿಸಿದಲ್ಲಿ ಪರಿಶೀಲಿಸಲಾಗುವುದು."

ಸ್ಮೃತಿ ಜೋರಾಗಿ ನಕ್ಕಳು. ನಗುತ್ತಲೇ ಅಡುಗೆಮನೆಗೆ ಹೋದಳು, ಬಹಳ ಹೊತ್ತು ಈಚೆಗೆ ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು, ಈರುಳ್ಳಿ ಹೆಚ್ಚುತ್ತಿದ್ದಳು ಅಂತ ಕಾಣುತ್ತದೆ.

ಅವ್ವ ನಡುಮನೆಯಲ್ಲಿ ಕುಟ್ಟಾಣಿ ಇಟ್ಟುಕೊಂಡು ಎಳ್ಳು ಬೆಲ್ಲ ಕುಟ್ಟುತ್ತಿದ್ದಳು. ಚಿಗಳಿ ಉಂಡೆ. ಹುಡುಗಿ ದೊಡ್ಡವಳಾದಾಗ ನಮ್ಮಲ್ಲಿ ಚಿಗಳಿ, ಕೊಬ್ಬರಿ ಬೆಲ್ಲ ತಿನ್ನಿಸಿ ಆರತಿ ಮಾಡುತ್ತಾರೆ. ದಾವಣಗೆರೆಯ ಅತ್ತೆಯಂದಿರಿಗೆಲ್ಲ ಅವ್ವ ಹೇಳಿಬಿಟ್ಟಿದ್ದಾಳೋ ಏನೋ. ಇಂಜೆಕ್ಷನ್ನಿಗೆ ಅವ್ವ ಒಪ್ಪುವುದಿಲ್ಲ ಎಂದು ಸ್ಮೃತಿಗೆ ಹೇಳಿದೆ. "ಅತ್ತೆ ಹೇಳಿದ್ರಾ?" ಎಂದಳು. ಹೇಳಬೇಕೇ, ಕುಟ್ಟಾಣಿ ಸದ್ದು ಕೇಳಿಸುವುದಿಲ್ಲವೇ.

ಈ ಬಿಸಿಲಲ್ಲೂ ವಚನಾ ಸ್ವೆಟರ್ ಹಾಕಿಕೊಂಡು ಶಾಲೆಗೆ ಹೋಗುತ್ತಾಳೆ. ಹಣೆ ಮುಟ್ಟಿ ನೋಡಿದೆ, ಜ್ವರ ಇಲ್ಲ. ಅಜ್ಜಿ ಹೆಣೆದದ್ದು, ಅದಕ್ಕೇ ಅಷ್ಟು ಪ್ರೀತಿ ಇರಬೇಕು.

ಮಾರ್ಚ್ 26, ಬುಧವಾರ

ಇವತ್ತು ಸರ್ಕಾರವೇ ಮನೆಗೆ ಬಂತು. ಹೆಸರು ಸೇತುರಾಮ. ಬಗಲಲ್ಲಿ ಕಡತ, ಕೈಯಲ್ಲಿ ಟೇಪು.

"ಚನ್ನವೀರೇಶ್ ಅವ್ರು ನೀವೇನಾ ಸಾರ್? ಸ್ಥಳ ಮಹಜರಿಗೆ ಬಂದಿದೀನಿ. ಬೆಳವಣಿಗೆ ತಡೆಯೋ ವಿಷಯ ಅಂತಿದೆ. ಸ್ಥಳ ಪರಿಶೀಲನೆ ಮಾಡಿ ವರದಿ ಕೊಡು ಅಂದಿದಾರೆ."

"ಏನನ್ನ ಪರಿಶೀಲನೆ ಮಾಡ್ತೀರಿ ಸಾರ್?"

"ಅದು ಬರ್ದಿಲ್ಲ. ಸ್ಥಳ ಅಂತ ಮಾತ್ರ ಇದೆ."

ಒಳ್ಳೆಯ ಮನುಷ್ಯ. ಕೊಟ್ಟ ಉಪ್ಪಿಟ್ಟು ತಿಂದು, ನಡುಮನೆಯ ಉದ್ದ ಅಗಲ ಅಳೆದು, ಚೌಕಟ್ಟಿನ ಎತ್ತರ ಬರೆದುಕೊಂಡರು. ಗೋಡೆಯ ಪೈಪು ನೋಡಿ ಇದೇನು ಎಂದರು. ಮಗಳ ಎತ್ತರ ಎಂದೆ. ಅದರ ಮೇಲಿನ ಐಎಸ್ಐ ಗುರುತನ್ನು ಬಗ್ಗಿ ಓದಿ, "ಇದು ಕ್ರಮಬದ್ಧವಾಗಿದೆ" ಎಂದರು. ನನಗೆ ನಿಜಕ್ಕೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಅಷ್ಟು ಹೊತ್ತಿಗೆ ವಚನಾ ಶಾಲೆಯಿಂದ ಬಂದಳು. "ಯಾವ ಕ್ಲಾಸಮ್ಮಾ, ಆರಾ?" ಎಂದರು. ಇವಳು "ಎರಡು" ಎಂದಳು. "ಫೇಲಾಗಿದ್ಯಾ?" ಎಂದರು ಪಾಪ, ಕನಿಕರದಿಂದ. ವಚನಾ ಸ್ವೆಟರಿನ ತೋಳು ಎಳೆದುಕೊಂಡು ಒಳಗೆ ಹೋದಳು.

ಸೇತುರಾಮ ಅವರು ಬರೆದದ್ದನ್ನು ಓದಿ ಹೇಳಿ ನನ್ನ ಸಹಿ ತೆಗೆದುಕೊಂಡರು. "ಸ್ಥಳದಲ್ಲಿ ಒಂದು ಮಗು ಹಾಜರಿದ್ದು, ಎತ್ತರವಾಗಿರುವುದು ಕಂಡುಬಂದಿತು."

ಏಪ್ರಿಲ್ 9, ಬುಧವಾರ

ಸದರಿ ದಿನದಂದು ಬೆಳಿಗ್ಗೆ ಅಂಗಡಿ ತೆರೆಯಲಾಯಿತು. ವ್ಯಾಪಾರ ಸಾಧಾರಣ.

ಸ್ಮೃತಿಯವರು ಭಾನುವಾರದಿಂದ ಮಾತನಾಡಿರುವುದಿಲ್ಲ. ಕಾರಣ ಕೋರಲಾಗಿ, "ನಿಮ್ಮ ಜೊತೆ ಮಾತಾಡೋಕೆ ಪೋಸ್ಟಲ್ ಆರ್ಡರ್ ಲಗತ್ತಿಸ್ಬೇಕೇನ್ರೀ?" ಎಂದು ಮರುಪ್ರಶ್ನಿಸಿದ್ದು, ಸದರಿ ಪ್ರಶ್ನೆಯು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ. ಇಂಜೆಕ್ಷನ್ ಸಂಬಂಧ ಮೊದಲ ಮೇಲ್ಮನವಿ ಸಲ್ಲಿಸಲಾಗಿದ್ದು, ಉತ್ತರ ನಿರೀಕ್ಷಣೆಯಲ್ಲಿದೆ ಎಂದು ತಿಳಿಸಲಾಯಿತು. ಆಕೆ ದಿಂಬು ತೆಗೆದುಕೊಂಡು ಅವ್ವನ ರೂಮಿಗೆ ಸ್ಥಳಾಂತರಗೊಂಡಿರುತ್ತಾರೆ.

ಸದರಿ ಮಗಳು ಬೇಸಿಗೆ ರಜೆ ಇದ್ದಾಗ್ಯೂ ಆಡಲು ಹೊರಗೆ ಹೋಗಿರುವುದಿಲ್ಲ. ಎತ್ತರ ಅಳೆಯಲು ಪೈಪಿನ ಹತ್ತಿರ ಕರೆಯಲಾಗಿ, ಬೇಡ ಎಂದು ತಲೆ ತಗ್ಗಿಸಿ, ಭುಜ ಮುಂದಕ್ಕೆ ಬಗ್ಗಿಸಿ ನಿಂತಿದ್ದು, ಅಳತೆ ಸರಿಯಾಗಿ ಬಂದಿರುವುದಿಲ್ಲ. ಮಗಳು ಕೇಳಿದ ಪ್ರಶ್ನೆ: "ಅಪ್ಪ, ಸರ್ಕಾರ ನನ್ನ ನೋಡಿದ್ಯಾ?" ಸೇತುರಾಮ ಅವರು ನೋಡಿರುವುದರಿಂದ, ಹೌದು ಎಂದು ಉತ್ತರಿಸಲಾಯಿತು. "ಅವ್ರಿಗೂ ನಾನು ದೊಡ್ಡೋಳು ಅನ್ಸಿತಲ್ಲ" ಎಂದು ಹೇಳಿ ಹೋಗಿರುತ್ತಾಳೆ.

ಏಪ್ರಿಲ್ 18, ಶುಕ್ರವಾರ

ಉತ್ತರ ಸ್ವೀಕೃತವಾಗಿಲ್ಲ. ಸೆಕೆ. ಸ್ವೆಟರ್ ಯಥಾಸ್ಥಿತಿ.

ಏಪ್ರಿಲ್ 28, ಸೋಮವಾರ

ಡಾಕ್ಟರ್ ಅನಘಾ ಫೋನು ಮಾಡಿದ್ದರು. ಏನು ತೀರ್ಮಾನ ಮಾಡಿದಿರಿ ಎಂದು ಕೇಳಿದರು. ಕಡತ ಚಾಲ್ತಿಯಲ್ಲಿದೆ, ಮೇಲ್ಮನವಿಯ ಅವಧಿ ಮೂವತ್ತು ದಿನ ಎಂದೆ.

"ಸಾರ್, ಮೂಳೆಗೆ ಮೇಲ್ಮನವಿ ಗೀಲ್ಮನವಿ ಗೊತ್ತಿಲ್ಲ. ಅದು ಬೆಳೀತಾನೇ ಇರುತ್ತೆ. ಬೇಡ ಅಂದ್ರೆ ಬೇಡ ಅನ್ನಿ, ಅದೂ ಒಂದು ತೀರ್ಮಾನವೇ. ಸುಮ್ನೆ ಇರೋದು ಮಾತ್ರ ಮಗೂಗೆ ಒಳ್ಳೇದಲ್ಲ."

ಫೋನು ಇಟ್ಟ ಮೇಲೆ ಒಬ್ಬ ಗಿರಾಕಿ ಪೈಪು ತಿರುಗಿಸುವ ಅರ್ಧ ಇಂಚಿನ ಎಲ್ಬೋ ಕೇಳಿದರೆ ಮುಕ್ಕಾಲು ಇಂಚಿನದು ಕೊಟ್ಟು ಕಳಿಸಿದೆ. ಅವನು ವಾಪಸು ಬಂದು ಬೈದ. ಬೈಸಿಕೊಂಡದ್ದು ಯಾಕೋ ಹಿತವಾಯಿತು.

ಮೇ 6, ಮಂಗಳವಾರ

ಕಡೆಗೂ ಪೂರ್ತಿ ಉತ್ತರ. ಇದಕ್ಕೆ ಎರಡು ಮೊಹರು ಬಿದ್ದಿವೆ, ದುಂಡನೆಯದೊಂದು, ಉದ್ದನೆಯದೊಂದು.

"ಸದರಿ ವಿಷಯದ ಬಗ್ಗೆ ಈ ಕಚೇರಿಯಲ್ಲಿರುವ ಕಡತವು ತಮ್ಮ ಅರ್ಜಿ, ಮೇಲ್ಮನವಿ ಹಾಗೂ ತಮ್ಮ ಮನೆಯ ಮಹಜರು ವರದಿಯಿಂದ ಕೂಡಿದ್ದು, ಬೇರಾವ ದಾಖಲೆಯೂ ಇರುವುದಿಲ್ಲ. ಆದ್ದರಿಂದ ಸದರಿ ವಿಷಯದಲ್ಲಿ ಹೆಚ್ಚಿನ ಮಾಹಿತಿ ಹೊಂದಿರುವ ವ್ಯಕ್ತಿ ತಾವೇ ಆಗಿರುತ್ತೀರಿ. ಮುಂದೆ ಬರುವ ಇಂಥ ಅರ್ಜಿಗಳನ್ನು ತಮ್ಮ ವಿಳಾಸಕ್ಕೆ ನಿರ್ದೇಶಿಸಲಾಗುವುದು."

ಎರಡು ಸಲ ಓದಿದೆ. ಸ್ಮೃತಿಗೆ ತೋರಿಸಲಿಲ್ಲ.

ಮೇ 11, ಭಾನುವಾರ

ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದೆ. ಗೇಟಿನ ಹತ್ತಿರ ಗಂಡ ಹೆಂಡತಿ, ಜೊತೆಗೆ ಉದ್ದಕ್ಕೆ ಬೆಳೆದ ಒಂದು ಹುಡುಗಿ ನಿಂತಿದ್ದರು. ಗಂಡಸು ಕೈಮುಗಿದ.

"ನಮಸ್ಕಾರ್ರೀ ಸರ. ಚನ್ನವೀರೇಶ ಸಾಹೇಬ್ರು ನೀವೇ ಏನ್ರೀ? ಆಯ್ತವಾರ ನಿಮ್ಮ ಆಫೀಸು ತೆರ್ದಿರ್ತೈತೋ ಇಲ್ಲೋ ಅಂತ ಅಂಜ್ಕೋಂತ ಬಂದ್ವಿರೀ."

ಹೆಸರು ದೇವೇಂದ್ರಪ್ಪ, ಹೆಂಡತಿ ಪಾರವ್ವ. ರಾಯಚೂರ ಕಡೆಯವರು, ನಾಯಂಡಹಳ್ಳಿಯ ಒಂದು ಗೋಡೌನಿನಲ್ಲಿ ಕೆಲಸ. ಮಗಳು ಕಲಾವತಿಗೆ ಎಂಟು ವರ್ಷ. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಇವಳಿಗೂ ಅದೇ ಇಂಜೆಕ್ಷನ್ ಹೇಳಿದ್ದಾರೆ. ಹೆದರಿಕೊಂಡು, ಓದುಬರಹ ಬಲ್ಲ ಪಕ್ಕದ ಮನೆಯವರಿಂದ ಇವರೂ ಅರ್ಜಿ ಬರೆಸಿ ಹಾಕಿದ್ದಾರೆ. ಉತ್ತರದಲ್ಲಿ ನನ್ನ ಹೆಸರು, ನನ್ನ ವಿಳಾಸ ಬಂದಿದೆ.

"ಮಾಹಿತಿ ನಿಮ್ಮ ಹಂತ್ಯಾಕ ಐತಿ ಅಂತ ಸರಕಾರ ಬರ್ದೈತ್ರೀ" ಎಂದು ಕಾಗದ ಮುಂದೆ ಹಿಡಿದ. ದುಂಡು ಮೊಹರು ಚೊಕ್ಕವಾಗಿ ಬಿದ್ದಿತ್ತು.

ಒಳಗೆ ಕರೆದು ಕೂರಿಸಿದೆ. ನನ್ನ ಬಳಿ ಇರುವುದನ್ನೆಲ್ಲ ಮೇಜಿನ ಮೇಲೆ ಹರಡಿದೆ. ಅರ್ಜಿ, ವರ್ಗಾವಣೆ, ಉಗ್ರಾಣ, ಮೂರನೆಯ ವ್ಯಕ್ತಿ, ಮಹಜರು, ಮೇಲ್ಮನವಿ. ಒಂದೊಂದನ್ನೂ ಓದಿ ವಿವರಿಸಿದೆ. ದೇವೇಂದ್ರಪ್ಪ ಪೂರ್ತಿ ಮರ್ಯಾದೆಯಿಂದ ಕೇಳಿಸಿಕೊಂಡ. ಪಾರವ್ವ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ನಿಲ್ಲಿಸಿದಾಗ ಕೇಳಿದಳು.

"ಅದೆಲ್ಲಾ ಇರ್ಲಿರೀ ಅಣ್ಣಾರ. ನಿಮ್ಮ ಕೂಸಿಗೆ ಹಾಕ್ಸೀರೋ ಇಲ್ಲೋ?"

"ಪರಿಶೀಲನೆಯಲ್ಲಿದೆ" ಎಂದುಬಿಟ್ಟೆ.

ಪಾರವ್ವ ಗಂಡನ ಕಡೆ ನೋಡಿದಳು. ಆ ನೋಟ ನನಗೆ ಗೊತ್ತು. ಕಚೇರಿಯ ಕೌಂಟರಿನಿಂದ ತಿರುಗಿ ಬರುವಾಗ ನಾನೂ ಪಕ್ಕದಲ್ಲಿ ನಿಂತವನನ್ನು ಹಾಗೇ ನೋಡುತ್ತೇನೆ.

ಆಗ ರೂಮಿನಿಂದ ಮಕ್ಕಳ ಮಾತು ಕೇಳಿಸಿತು. ವಚನಾ ತನ್ನ ಎಕ್ಸ್‌ರೇಯನ್ನು ಕಿಟಕಿ ಗಾಜಿಗೆ ಒತ್ತಿ ಹಿಡಿದಿದ್ದಳು. ಕಲಾವತಿ ಅದರ ಮೇಲೆ ತನ್ನ ಕೈ ಇಟ್ಟು ಬೆರಳಿಗೆ ಬೆರಳು ಹೊಂದಿಸುತ್ತಿದ್ದಳು.

"ನಿಂಗೂ ಸೂಜಿ ಹಾಕ್ತಾರಾ?" ಎಂದು ವಚನಾ ಕೇಳಿದಳು.

"ಗೊತ್ತಿಲ್ಲ. ನಮ್ಮಪ್ಪ ನಿಮ್ಮಪ್ಪನ್ನ ಕೇಳಾಕ ಬಂದಾನ."

"ನಮ್ಮಪ್ಪ ಸರ್ಕಾರನ್ನ ಕೇಳ್ತಾ ಇದಾರೆ."

"ಸರಕಾರ ಯಾರನ್ನ ಕೇಳ್ತದ?"

ವಚನಾ ಸ್ವಲ್ಪ ಯೋಚಿಸಿ, "ನಮ್ಮಪ್ಪನ್ನೇ" ಎಂದಳು.

ಇಬ್ಬರೂ ಬಿದ್ದು ಬಿದ್ದು ನಕ್ಕರು. ವಚನಾ ನಕ್ಕಿದ್ದು ಕೇಳಿ ಎಷ್ಟು ದಿನವಾಗಿತ್ತೋ. ಆಮೇಲೆ ನಗು ನಿಂತು, ಮೆಲ್ಲಗೆ, "ನನ್ನ ಕ್ಲಾಸಲ್ಲಿ ನನ್ನ ಆಂಟಿ ಅಂತಾರೆ ಕಣೇ. ಅದಕ್ಕೇ ಸ್ವೆಟರ್ ಹಾಕ್ಕೊಂಡು ಬಗ್ಗಿ ಕೂತ್ಕೋತೀನಿ. ನೀನು?" ಎಂದಳು. ಕಲಾವತಿ, "ನಾ ಸಾಲಿಗೇ ಹೋಗೂದಿಲ್ಲ" ಎಂದಳು.

ದೇವೇಂದ್ರಪ್ಪ ನೆಲ ನೋಡಿದ. ನಾನು ಮೇಜಿನ ಮೇಲಿನ ಕಾಗದಗಳನ್ನು ಒಂದೊಂದಾಗಿ ಎತ್ತಿ ಜೋಡಿಸಿದೆ. ಹೊರಡುವಾಗ ಪಾರವ್ವ, "ನೀವು ಏನ್ ಮಾಡ್ತೀರಿ ಅದ ಒಂದು ಹೇಳಿ ಕಳಸ್ರೀ ಅಣ್ಣಾರ, ನಾವೂ ಹಂಗ ಮಾಡ್ತೀವಿ" ಎಂದು ಫೋನು ನಂಬರು ಬರೆಸಿ ಹೋದಳು.

ಮೇ 12, ಸೋಮವಾರ

ಅಂಗಡಿ ತೆಗೆಯಲಿಲ್ಲ. ಅವ್ವ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಬಂದು ಕೂತಳು, ಮತ್ತೆ ಕುಟ್ಟಾಣಿ ಎಳೆದುಕೊಂಡಳು. ನಾನು ಹೇಳಿಯೇಬಿಟ್ಟೆ, "ಅವ್ವ, ಈಗ ಆರತಿ ಗೀರತಿ ಅಂತ ಶುರು ಮಾಡ್ಬೇಡ."

"ಯಾವ ಆರತಿಯೋ?"

"ಮತ್ತೆ ಚಿಗಳಿ ಯಾಕೆ ಕುಟ್ತಾ ಇದ್ದೀಯ ಎರಡು ತಿಂಗಳಿಂದ?"

"ಆ ಕೂಸು ಊಟ ಬಿಟ್ಟು ಎರಡು ತಿಂಗಳಾತು. ತಿನ್ನೋದು ಇದೊಂದೇ. ನೀ ನೋಡೀಯೇನು?" ಅವ್ವ ಕುಟ್ಟುವುದು ನಿಲ್ಲಿಸಿದಳು. "ನಂಗೆ ಒಂಬತ್ತಕ್ಕೇ ಆತು ಚನ್ನ. ಆರತಿ ಮಾಡಿದ್ರು, ಹೊಸ ಸೀರೆ ಉಡಿಸಿದ್ರು, ಚಿಗಳಿ ತಿನ್ನಿಸಿದ್ರು. ನಾಲ್ಕನೇ ದಿನ ಪಾಟಿ ಚೀಲ ಅಟ್ಟಕ್ಕೆ ಹಾಕಿದ್ರು. ಆಗ ಇಂಥಾ ಸೂಜಿ ಇದ್ದಿದ್ರೆ ನಾನೇ ಓಡಿ ಹೋಗಿ ಚುಚ್ಚಿಸ್ಕೊಂತಿದ್ದೆ. ಊರಿಗೆಲ್ಲಾ ಅರ್ಜಿ ಹಾಕ್ದಿ, ಇದೇ ಮನೇಲಿ ಕೂತಿದ್ದೆ, ನನ್ನ ಒಂದು ಮಾತು ಕೇಳಿದ್ಯಾ?"

ಎದ್ದು ಹೋಗಿ, ಬ್ಯಾಂಕಿಗೆ ಹೊರಡುತ್ತಿದ್ದ ಸ್ಮೃತಿಯ ಮುಂದೆ ನಿಂತೆ.

"ನಂಗೆ ಭಯ ಕಣೇ" ಎಂದೆ.

"ನಂಗಿಲ್ವಾ?"

"ಸರ್ಕಾರ ಹೇಳಿದೆ ಅಂತ ಒಂದು ಕಾಗದ ಇದ್ರೆ, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದಾಗ ಬೈಯೋಕೆ ಯಾರಾದ್ರೂ ಇರ್ತಾರೆ ಅನ್ಕೊಂಡಿದ್ದೆ."

ಸ್ಮೃತಿ ಬ್ಯಾಗು ಕೆಳಗಿಟ್ಟಳು. "ನನ್ನ ಬೈಯಿರಿ. ನಾನು ನಿಮ್ಮನ್ನ ಬೈತೀನಿ. ಇಷ್ಟು ವರ್ಷ ಅದೇ ಅಲ್ವಾ ಮಾಡಿದ್ದು" ಎಂದಳು. ಆಮೇಲೆ ಅತ್ತಳು. ನಾನೂ ಅತ್ತೆ. ಅವ್ವ ಒಳಗಿನಿಂದ, "ಹೊತ್ತಾಗ್ತದೆ, ಅತ್ತಿದ್ದು ಸಾಕು, ಹೋಗಿ ಬರ್ರಿ" ಎಂದು ಕೂಗಿದಳು.

ಡಾಕ್ಟರ ಹತ್ತಿರ ನನಗೆ ಗೊತ್ತಿಲ್ಲದ್ದನ್ನೆಲ್ಲ ಕೇಳಿದೆ. ತಲೆನೋವು ಬಂದರೆ ಏನು ಮಾಡುವುದು, ಮೂಳೆಯನ್ನು ಯಾವಾಗ ನೋಡುತ್ತೀರಿ, ಎಲ್ಲಿಯವರೆಗೆ ಕೊಡುತ್ತೀರಿ, ನಿಮಗೇ ಗೊತ್ತಿಲ್ಲದ್ದು ಏನು. ಕಡೆಯದಕ್ಕೂ ಉತ್ತರ ಕೊಟ್ಟರು, ಬಹಳ ಮುಂದಿನದು ಇಂತಿಷ್ಟೇ ಅಂತ ಯಾರೂ ಬರೆದುಕೊಡಲಾರರು, ಆದರೆ ಮಗು ನಮ್ಮ ಕಣ್ಣೆದುರೇ ಇರುತ್ತದೆ ಎಂದರು. ಸಹಿ ಹಾಕಿದೆ. ಮೊಹರು ಎಲ್ಲಿ ಎಂದು ಕೇಳಲಿಲ್ಲ, ಮನೆಗೆ ಬಂದ ಮೇಲೆ ನೆನಪಾಯಿತು.

ಮೇ 15, ಗುರುವಾರ

ಹಾಕಿಸಿದೆವು. ವಚನಾ ನನ್ನ ಕೈ ಹಿಡಿದುಕೊಂಡಿದ್ದಳು. ಅವಳು ಕಣ್ಣು ಬಿಟ್ಟುಕೊಂಡೇ ಇದ್ದಳು, ಮುಚ್ಚಿದ್ದು ನಾನು. "ಆಯ್ತು ಅಪ್ಪ, ಕಣ್ಣು ಬಿಡು" ಎಂದಳು.

ದೇವೇಂದ್ರಪ್ಪನಿಗೆ ಫೋನು ಮಾಡಿ ಹೇಳಿದೆ. "ಅತ್ತಳೇನ್ರೀ ಕೂಸು?" ಎಂದ. ಇಲ್ಲ, ಅತ್ತದ್ದು ನಾನು ಎಂದೆ. "ಅಷ್ಟ ಸಾಕ್ರೀ ಸರ" ಎಂದ.

ಜುಲೈ 22, ಮಂಗಳವಾರ

ಬಹಳ ದಿನ ಬರೆದಿಲ್ಲ. ಬರೆಯುವಂಥದ್ದೂ ಇರಲಿಲ್ಲ. ಶಾಲೆ ಶುರುವಾಗಿದೆ, ಮೂರನೇ ಕ್ಲಾಸು. ಮೊದಲ ವಾರ ಚುಚ್ಚಿದ ಜಾಗ ನೋವು ಎಂದಳು, ಒಂದೆರಡು ದಿನ ತಲೆನೋವು. ನನಗೂ ಜೊತೆಯಲ್ಲೇ ತಲೆನೋವು ಬಂತು. ಎರಡೂ ಹೋದವು. ಕಲಾವತಿಗೂ ಹಾಕಿಸಿದ್ದಾರೆ, ಅವಳು ಶಾಲೆಗೆ ಮತ್ತೆ ಹೋಗುತ್ತಿದ್ದಾಳೆ. ಒಂದೊಂದು ಭಾನುವಾರ ಮೆಟ್ರೋ ಹತ್ತಿ ವಿಜಯನಗರದಲ್ಲಿ ಇಳಿಯುತ್ತಾರೆ, ನಾವು ಹೋಗಿ ಕರೆದುಕೊಂಡು ಬರುತ್ತೇವೆ.

ಇವತ್ತು ಕಚೇರಿಯಿಂದ ಒಂದು ಕಾಗದ. ಸದರಿ ಇಂಜೆಕ್ಷನ್ ಸುರಕ್ಷಿತವೇ ಎಂಬ ಬಗ್ಗೆ ಮೂವತ್ತು ದಿನದೊಳಗೆ ನಾನು ಅವರಿಗೆ ಮಾಹಿತಿ ಒದಗಿಸಬೇಕಂತೆ. ಸ್ಮೃತಿ, "ನೂರೈವತ್ತು ಪದ ಮೀರ್ಬೇಡಿ ಮತ್ತೆ" ಎಂದಳು.

ಬರೆದೆ. ನನ್ನ ಮಗಳಿಗೆ ಒಂದು ಸಲ ಹಾಕಿಸಿದ್ದೇವೆ, ಎರಡು ದಿನ ತಲೆನೋವು ಬಂತು, ಈಗ ಊಟ ಮಾಡುತ್ತಾಳೆ, ಮುಂದಿನದು ನೋಡುತ್ತಿದ್ದೇವೆ, ಬೇರೆ ಮಗುವಿಗೆ ಏನು ಎಂದು ನಾನು ಹೇಳಲಾರೆ, ಅವರ ಡಾಕ್ಟರನ್ನು ಕೇಳಲಿ. ಅಷ್ಟಕ್ಕೆ ಮುಗಿಯಿತು, ಅರ್ಧ ಪುಟವೂ ಆಗಲಿಲ್ಲ. ಅಂಗಡಿಯ ಮೊಹರು ಒತ್ತೋಣವೇ ಎಂದು ಕೈಗೆ ತೆಗೆದುಕೊಂಡೆ. ನಲ್ಲಿ ಮಾರುವವನ ಮೊಹರಿನಿಂದ ಯಾರಿಗೇನಾಗಬೇಕು, ವಾಪಸು ಇಟ್ಟೆ.

ಡಿಸೆಂಬರ್ 16, ಮಂಗಳವಾರ

ಬೆಳಿಗ್ಗೆ ವಿಪರೀತ ಚಳಿ. ಅಂಗಡಿ ಷಟರ್ ಮುಟ್ಟಿದರೆ ಕೈ ಮರಗಟ್ಟುತ್ತಿತ್ತು. ಅಂಚೆಯವರು ಒಂದು ರಿಜಿಸ್ಟರ್ ಕೊಟ್ಟು ಹೋದರು. ನಾನು ಕೇಳಿದ ಮಾಹಿತಿ ಸಿದ್ಧವಾಗಿದೆ, ಪುಟಕ್ಕೆ ಎರಡು ರೂಪಾಯಿಯಂತೆ ಕಟ್ಟಿ ಇವತ್ತು ಐದು ಗಂಟೆಯೊಳಗೆ ಬಂದು ಪಡೆಯದಿದ್ದರೆ ಕಡತ ಮುಕ್ತಾಯಗೊಳಿಸಲಾಗುವುದು. ಎದ್ದು ಸ್ಕೂಟರ್ ಕೀ ತೆಗೆದುಕೊಂಡೆ.

ಅಷ್ಟರಲ್ಲಿ ಅವ್ವನ ಫೋನು. "ಹುಡುಗಿ ಸ್ವೆಟರ್ ಬಿಟ್ಟು ಓಡಿ ಹೋಗ್ಯಾಳೆ ಚನ್ನ, ಗೂಟದಾಗೇ ನೇತಾಡ್ತಾ ಐತಿ. ಕೂಗಿದ್ರೂ ಕೇಳಲಿಲ್ಲ. ಮೊದ್ಲು ಅದನ್ನ ಕೊಟ್ಟು ಬಾ."

ಮನೆಗೆ ಹೋಗಿ ಸ್ವೆಟರ್ ತೆಗೆದುಕೊಂಡು ಶಾಲೆಗೆ ಹೋದೆ. ಆಟದ ಬಯಲಿನಲ್ಲಿ ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದರು. ವಚನಾ ಒಂಟಿ ಕಾಲಲ್ಲಿ, ತಲೆ ಎತ್ತಿ, ಭುಜ ಹಿಂದಕ್ಕೆ ಹಾಕಿ ಮನೆಯಿಂದ ಮನೆಗೆ ಹಾರುತ್ತಿದ್ದಳು. ಈಗಲೂ ಎಲ್ಲರಿಗಿಂತ ಒಂದಿಷ್ಟು ಎತ್ತರವೇ. ನಾನು ಬೇಲಿಯ ಆಚೆಯಿಂದ ಸ್ವೆಟರ್ ತೋರಿಸಿ ಕೂಗಿದೆ.

"ಚಳಿ ಇಲ್ಲಪ್ಪಾ!" ಎಂದು ಅಲ್ಲಿಂದಲೇ ಕಿರುಚಿದಳು. "ನೀನೇ ಹಾಕ್ಕೋ!"

ಎಲ್ಲ ಮಕ್ಕಳೂ ನಕ್ಕವು, ಅವಳೂ ನಕ್ಕಳು. ಆಟ ಮುಗಿಯುವವರೆಗೆ ನಿಂತು ನೋಡಿದೆ. ಸ್ವೆಟರಿನ ಎರಡು ತೋಳನ್ನು ಕೊರಳಿಗೆ ಕಟ್ಟಿಕೊಂಡು ಅಂಗಡಿಗೆ ವಾಪಸು ಬಂದೆ, ಇಡೀ ದಿನ ಅದು ನನ್ನ ಹೆಗಲ ಮೇಲೇ ಇತ್ತು. ಸಂಜೆ ಪೈಪಿನ ಹತ್ತಿರ ನಿಲ್ಲು ಎಂದೆ, ಬೆನ್ನು ನೆಟ್ಟಗೆ ಮಾಡಿ ನಿಂತಳು. ಹೋದ ತಿಂಗಳ ಗೀಟಿಗೂ ಈ ತಿಂಗಳ ಗೀಟಿಗೂ ನಡುವೆ ಉಗುರು ಕೂಡ ಹಿಡಿಸಲಿಲ್ಲ.

ಕಚೇರಿಗೆ ಹೋಗುವುದು ಮರೆತೇಹೋಯಿತು.